ನೀರಿನ ಪಾಳಿಯಲ್ಲಿ ನಿಂತ ಕಥೆ

ಮಕ್ಕಳಿಗಾಗಿ ಬರೆಯುವವರ ಕಾಗದಗಳು ಈ ತಿಂಗಳು ಹೆಚ್ಚಾಗಿಯೇ ಬಂದಿವೆ. ಊರಿನ ಸಂಗತಿ, ಸಮಾಜದ ಸಂಗತಿ ಮಕ್ಕಳ ಪುಸ್ತಕದೊಳಗೆ ಬರಬೇಕೆಂಬ ಆಸೆ ಎಲ್ಲರಿಗೂ ಇದೆ. ತಂದರೆ ಅದು ಪಾಠವಾಗಿಬಿಡುತ್ತದೆ, ಇಲ್ಲವೇ ಯಾರದೋ ಮನಸ್ಸು ನೋಯುತ್ತದೆ ಎಂಬ ಅಳುಕೂ ಇದೆ. ಐದು ಕಾಗದಗಳನ್ನು ಆರಿಸಿಕೊಂಡಿದ್ದೇನೆ. ಉದ್ದವಿದ್ದವನ್ನು ಮೊಟಕು ಮಾಡಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನೀರು ಪೋಲು ಮಾಡಬಾರದು ಎಂಬುದನ್ನಿಟ್ಟುಕೊಂಡು ಒಂದು ಕಥೆ ಬರೆದೆ. ಹುಡುಗನೊಬ್ಬ ನಲ್ಲಿ ತೆರೆದಿಟ್ಟು ಆಟಕ್ಕೆ ಓಡುತ್ತಾನೆ, ಅಜ್ಜ ನೀರಿನ ಮಹತ್ವ ತಿಳಿಸುತ್ತಾರೆ, ಹುಡುಗ ತಪ್ಪೊಪ್ಪಿಕೊಳ್ಳುತ್ತಾನೆ. ನಮ್ಮೂರಿಗೆ ಎಂಟು ದಿನಕ್ಕೊಮ್ಮೆ ನೀರು ಬರುವುದು. ಹಾಗಾಗಿ ಮಕ್ಕಳಿಗೆ ಕಥೆ ಹಿಡಿಸುತ್ತದೆ ಅಂದುಕೊಂಡಿದ್ದೆ. ತರಗತಿಯಲ್ಲಿ ಓದಿದರೆ ಅರ್ಧಕ್ಕೇ ಆಕಳಿಕೆ. ಒಬ್ಬನಂತೂ 'ಇದನ್ನ ಬರ್ಕೋಬೇಕೇನ್ರಿ ಟೀಚರ್?' ಅಂದ. ನನಗೆ ಬರೆಯುವ ಕೈಯೇ ಇಲ್ಲವೇನೋ ಎಂದು ಅಳುಕಾಗಿದೆ.
– ಶಿಕ್ಷಕಿ, ಗದಗ ಜಿಲ್ಲೆ

ಉತ್ತರ: ಮಕ್ಕಳು ಆಕಳಿಸಿದ್ದನ್ನು ಮುಚ್ಚಿಡದೆ ಬರೆದಿದ್ದೀರಲ್ಲ, ಬರೆಯುವವರಿಗೆ ಬೇಕಾದ ಮೊದಲ ಗುಣ ಅದೇ. ಕೈ ನಿಮಗೆ ಇದೆ. 'ಬರ್ಕೋಬೇಕೇನ್ರಿ' ಎಂದ ಹುಡುಗನ ಮಾತನ್ನು ನೀವು ಹಿಡಿದಿಟ್ಟ ರೀತಿಯೇ ಅದನ್ನು ಹೇಳುತ್ತದೆ. ಅಜ್ಜನ ಮೂರು ಪ್ಯಾರಾಗಳಲ್ಲಿ ಇಲ್ಲದ ಜೀವ ಆ ಒಂದು ಸಾಲಿನಲ್ಲಿದೆ.

ಈಗ ನಿಮ್ಮ ಕಥೆಯನ್ನೂ ನಿಮ್ಮ ಕಾಗದವನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಎಂಟು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ನಲ್ಲಿ ತೆರೆದಿಟ್ಟು ಆಟಕ್ಕೆ ಓಡುವ ಹುಡುಗ ಎಲ್ಲಿದ್ದಾನೆ? ಅಂಥ ದಿನ ಆಟವನ್ನೇ ಬಿಟ್ಟು, ಶಾಲೆಯನ್ನೂ ಬಿಟ್ಟು, ಕೊಡ ಹಿಡಿದು ಪಾಳಿಯಲ್ಲಿ ನಿಲ್ಲುವವರು ನಿಮ್ಮ ತರಗತಿಯ ಮಕ್ಕಳೇ ಅಲ್ಲವೇ? ನೀರು ಯಾಕೆ ಸಾಲುತ್ತಿಲ್ಲ ಎಂಬುದಕ್ಕೆ ತಮ್ಮ ತಪ್ಪು ಕಾರಣವಲ್ಲ ಎಂದು ಅವರಿಗೆ ಗೊತ್ತು. ಕಥೆ ಮಾತ್ರ ಹೊಣೆಯನ್ನೆಲ್ಲ ಒಂದು ಮಗುವಿನ ತಲೆಗೆ ಕಟ್ಟಿ, ಕ್ಷಮೆ ಕೇಳಿಸಿ, ಮುಗಿದುಹೋಗುತ್ತದೆ. ಮಕ್ಕಳು ಆಕಳಿಸದೆ ಇನ್ನೇನು ಮಾಡಿಯಾರು! ನಿಮ್ಮೊಬ್ಬರದೇ ತಪ್ಪಲ್ಲ ಇದು. ಊರು ಸ್ವಚ್ಛವಿರಲಿ, ಮರ ಉಳಿಯಲಿ, ಜಗಳ ನಿಲ್ಲಲಿ ಎಂದು ನಾವು ಬರೆಯುವ ಹೆಚ್ಚಿನ ಕಥೆಗಳಲ್ಲಿ ತಪ್ಪು ಮಾಡುವುದು ಮಗು, ತಿದ್ದುವುದು ದೊಡ್ಡವರು. ನಾನೂ ಅಂಥ ಪುಸ್ತಕ ಬರೆದವಳೇ. ಅದರ ಪ್ರತಿಗಳು ನಮ್ಮ ಮನೆಯ ಅಟ್ಟದಲ್ಲಿ ಇನ್ನೂ ಇವೆ.

ಕಥೆಯನ್ನು ನಲ್ಲಿಯ ಬಳಿಯಿಂದ ಎತ್ತಿ ಪಾಳಿಗೆ ತನ್ನಿ. ಹತ್ತು ವರ್ಷದ ಹುಡುಗಿ ನಿಂತಿದ್ದಾಳೆ. ಮುಂದೆ ಹದಿನೇಳು ಕೊಡ. ಸುಮ್ಮನೆ ನಿಂತವಳಿಗೆ ಒಂದು ಸಂಗತಿ ಕಾಣುತ್ತದೆ: ಮೇಲಿನ ಓಣಿಯಲ್ಲಿ ಒಂದು ತಾಸು ನೀರು, ತಮ್ಮ ಓಣಿಯಲ್ಲಿ ಕಾಲು ತಾಸು. ಯಾಕೆ? ಆಕೆ ನೀರುಗಂಟಿಯನ್ನು ಕೇಳುತ್ತಾಳೆ. ಅವನು ನೆಲದಲ್ಲಿ ಹೂತ ವಾಲ್ವ್ (ಯಾವ ಓಣಿಗೆ ಎಷ್ಟು ನೀರು ಹೋಗಬೇಕೆಂದು ತಿರುಗಿಸುವ ಕವಾಟ) ತೋರಿಸಿ, 'ಕೀಲಿ ನನ್ನ ಕೈಯಾಗ ಐತಿ ತಂಗಿ, ಹುಕುಂ ಇಲ್ಲ' ಅನ್ನುತ್ತಾನೆ. ಹಾಗಾದರೆ ಹುಕುಂ ಯಾರ ಕೈಯಲ್ಲಿದೆ? ಕಥೆಗೆ ಕಾಲು ಬರುವುದು ಅಲ್ಲಿಂದ. ಮುಂದಿನ ಪುಟಗಳಲ್ಲಿ ಪಂಚಾಯಿತಿ ಸದಸ್ಯರ ಮನೆ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕುರ್ಚಿ, ವಿದ್ಯುತ್ ಇಲ್ಲದೆ ಸುಮ್ಮನೆ ಕೂತ ಮೋಟರು, ಎಲ್ಲವೂ ತಾವಾಗಿ ಬರುತ್ತವೆ. 'ಸ್ಥಳೀಯ ಆಡಳಿತ' ಎಂಬ ಪಾಠವನ್ನು ನೀವು ಮಾಡಬೇಕಾಗಿಯೇ ಇಲ್ಲ.

ಕೊನೆಯಲ್ಲಿ ನೀರು ಬರಲೇಬೇಕೆಂದೂ ಇಲ್ಲ. ಓದಿದ ಮಗು ಮರುದಿನ ಪಾಳಿಯಲ್ಲಿ ನಿಂತಾಗ ನೀರುಗಂಟಿಯ ಕೈಯ ಕೀಲಿಯನ್ನು ನೋಡಿದರೆ ಸಾಕು.

ನೀತಿಯೇ ಬೇಡವೇ ಎಂದು ನೀವು ಕೇಳಬಹುದು. ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ ನಿಮ್ಮ ಸೀಮೆಯವನೇ, 11ನೇ ಶತಮಾನದವನು, ಚಾಳುಕ್ಯರ ಆಸ್ಥಾನದಲ್ಲಿದ್ದವನು. ಆ ಕಥೆಗಳು ಹುಟ್ಟಿದ್ದೇ ಓದು ತಲೆಗೆ ಹತ್ತದ ರಾಜಕುಮಾರರಿಗೆ ರಾಜ್ಯ ನಡೆಸುವುದನ್ನು ಕಲಿಸಲು ಎಂಬುದು ನಿಮಗೆ ಗೊತ್ತೇ ಇದೆ. ಅಲ್ಲಿ ನೀತಿಗೆ ಬರವಿಲ್ಲ. ಆದರೆ ಒಂದು ನರಿ ಒಂದು ನೀತಿ ಹೇಳಿದರೆ, ಇನ್ನೊಂದು ನರಿ ಅದಕ್ಕೆ ಎದುರು ನೀತಿ ಹೇಳುತ್ತದೆ. ಯಾವುದು ಸರಿ ಎಂದು ತೂಗುವ ಕೆಲಸ ಕೇಳುಗನದು. ನಿಮ್ಮ ಅಜ್ಜನನ್ನು ಉಳಿಸಿಕೊಳ್ಳಬೇಕೆಂದಿದ್ದರೆ, ಎದುರು ಮಾತಾಡುವ ಅಜ್ಜಿಯೊಬ್ಬಳನ್ನು ಜೊತೆಗಿಡಿ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನೂ ಇನ್ನೊಮ್ಮೆ ಈ ಕಣ್ಣಿನಿಂದ ಓದಿ. ಬ್ರೌನಿಂಗನ ಇಂಗ್ಲಿಷ್ ಕವನದಿಂದ ಬಂದ ಕಥೆ ಅದು. ಇಲಿಗಳ ಕಾಟ ತಪ್ಪಿದ ಮೇಲೆ ಮಾತಿಗೆ ತಪ್ಪುವವನು ಊರಿನ ಗೌಡ, ತೆರಬೇಕಾಗಿ ಬರುವುದು ಇಡೀ ಊರಿಗೆ. ಅಲ್ಲಿ ಯಾರೂ ಮಕ್ಕಳಿಂದ ಕ್ಷಮೆ ಕೇಳಿಸುವುದಿಲ್ಲ.

ಪ್ರಶ್ನೆ: ಎಂಟು ವರ್ಷದ ಮಗಳಿಗಾಗಿ ಜಾತಿಯ ಬಗ್ಗೆ ಒಂದು ಚಿತ್ರಪುಸ್ತಕ ಬರೆಯುತ್ತಿದ್ದೇನೆ. ನನ್ನ ಹೆಂಡತಿಗೆ ಇದು ಸರಿಕಾಣುತ್ತಿಲ್ಲ. 'ಅವಳಿಗೆ ಆ ಪದವೇ ಗೊತ್ತಿಲ್ಲ, ನೀವೇ ಯಾಕೆ ಕಲಿಸುತ್ತೀರಿ' ಅನ್ನುತ್ತಾಳೆ. ನನಗೂ ರಾತ್ರಿಯೆಲ್ಲ ಅದೇ ಯೋಚನೆ. ಮಗುವಿನ ಮುಗ್ಧತೆಯನ್ನು ನಾನೇ ಕೆಡಿಸುತ್ತಿದ್ದೇನೆಯೇ?
– ಒಬ್ಬ ತಂದೆ, ಬೆಂಗಳೂರು

ಉತ್ತರ: ನಿಮ್ಮ ಮನೆಯವರ ಭಯವನ್ನು ಬದಿಗೆ ಸರಿಸಬೇಡಿ, ಅದರಲ್ಲಿ ಹುರುಳಿದೆ. ಕ್ರೌರ್ಯವನ್ನು ತೋರಿಸಿ ಕೈಬಿಡುವ ಪುಸ್ತಕ ಮಗುವನ್ನು ಹೆದರಿಸುತ್ತದೆ, ಬೇರೇನನ್ನೂ ಕಲಿಸುವುದಿಲ್ಲ. ಅವರು ನಿಮ್ಮ ಮೊದಲ ಓದುಗರಾಗಲಿ. ಅವರು ತಡೆದ ಪುಟದಲ್ಲಿ ಏನೋ ಇರುತ್ತದೆ.

ಇಷ್ಟು ಹೇಳಿದ ಮೇಲೆ, ಒಂದು ಮಾತನ್ನು ಇಬ್ಬರೂ ಕೂತು ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ. ಎಂಟು ವರ್ಷಕ್ಕೆ ಈ ಪದ ಗೊತ್ತಿಲ್ಲದೆ ಬೆಳೆಯುವ ಅನುಕೂಲ ಎಲ್ಲ ಮಕ್ಕಳಿಗೂ ಇಲ್ಲ. ನಿಮ್ಮ ಮಗಳ ಬೆಂಚಿನಲ್ಲೇ ಕೂತ ಇನ್ನೊಂದು ಮಗುವಿಗೆ ಅದು ಆರನೇ ವರ್ಷಕ್ಕೇ ಗೊತ್ತಾಗಿರಬಹುದು, ಯಾರದೋ ಮನೆಯ ಹುಟ್ಟುಹಬ್ಬದಲ್ಲಿ, ಬೇರೆಯಾಗಿ ಇಟ್ಟ ಲೋಟದಿಂದ. ಇಬ್ಬರೂ ಓದುವ ಪುಸ್ತಕ ನೀವು ಬರೆಯಬೇಕಾಗಿರುವುದು.

ಇದಕ್ಕೆ ದಾರಿ ತೋರಿದವರು ಸ್ವತಃ ಅಂಬೇಡ್ಕರ್. ತಮ್ಮ ಬಾಲ್ಯದ ಒಂದು ಪ್ರಯಾಣವನ್ನು ಅವರು ಬರೆದಿಟ್ಟಿದ್ದಾರೆ. ಆಗ ಅವರಿಗೆ ಒಂಬತ್ತು ವರ್ಷ. ಸಾತಾರಾದಿಂದ ಅಣ್ಣ ಮತ್ತು ಅಕ್ಕನ ಮಗನ ಜೊತೆ ರೈಲು ಹತ್ತಿ ತಂದೆಯನ್ನು ನೋಡಲು ಹೊರಟ ಮಕ್ಕಳು. ಹೊಸ ಬಟ್ಟೆ, ಮೊದಲ ರೈಲು, ಹಿಗ್ಗೋ ಹಿಗ್ಗು. ಮಸೂರು ನಿಲ್ದಾಣದಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಅಕ್ಕರೆಯಿಂದಲೇ ವಿಚಾರಿಸಿದ ಸ್ಟೇಷನ್ ಮಾಸ್ತರರು ಮಕ್ಕಳ ಜಾತಿ ಕೇಳಿದ ಕೂಡಲೇ ಬದಲಾಗುತ್ತಾರೆ. ಗಾಡಿಯವರು ಯಾರೂ ಒಲ್ಲರು. ಕೊನೆಗೆ ಒಬ್ಬ ಒಪ್ಪುತ್ತಾನೆ: ಬಾಡಿಗೆ ಎರಡು ಪಟ್ಟು, ಗಾಡಿ ಹೊಡೆಯಬೇಕಾದವರು ಮಕ್ಕಳೇ, ತಾನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿ ಇದ್ದರೂ ನೀರು ಸಿಗದೆ ರಾತ್ರಿ ಕಳೆಯುತ್ತದೆ.

ಈ ಕಥನದಲ್ಲಿ 'ಜಾತಿ ವ್ಯವಸ್ಥೆ' ಎಂಬ ವಿವರಣೆ ಎಲ್ಲಿದೆ? ಗಾಡಿ ಇದೆ, ಎತ್ತಿದೆ, ಬಾಯಾರಿಕೆ ಇದೆ, ಕತ್ತಲಿದೆ. ಎಂಟು ವರ್ಷದ ಮಗುವಿಗೆ ಇವೆಲ್ಲ ಗೊತ್ತು. ಗಾಡಿಯವನು ಯಾಕೆ ಕೂರಲಿಲ್ಲ ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಆ 'ಯಾಕೆ'ಯನ್ನು ಮಗು ನಿಮ್ಮನ್ನೇ ಕೇಳುತ್ತದೆ. ಕೇಳಿದ ದಿನ ಆ ಪದ ಕಲಿಸಬಹುದು, ಅದಕ್ಕೆ ಮೊದಲು ಅವಸರವಿಲ್ಲ.

ಬರೆಯುವಾಗ ಎರಡು ಎಚ್ಚರ. ಅವಮಾನ ಅನುಭವಿಸಿದ ಮಗುವನ್ನು ಪಾಪದ ಮಗುವಾಗಿ ಮಾಡಿ, ಅನುಕೂಲಸ್ಥರ ಮನೆಯ ಮಗು ಬಂದು ಕಾಪಾಡುವಂತೆ ಬರೆಯಬೇಡಿ. ಮಸೂರಿನ ಆ ರಸ್ತೆಯಲ್ಲಿ ಹಗ್ಗ ಹಿಡಿದು ಗಾಡಿ ಹೊಡೆದವರು ಆ ಮಕ್ಕಳೇ ಎಂಬುದನ್ನು ನೆನಪಿಡಿ. ಇನ್ನೊಂದು, ಮಗುವನ್ನು ಒಂಟಿಯಾಗಿಟ್ಟು ಪುಸ್ತಕ ಮುಗಿಸಬೇಡಿ. ಅನ್ಯಾಯ ಬಗೆಹರಿಯದಿದ್ದರೂ ಆಗಬಹುದು, ಕೊನೆಯ ಚಿತ್ರದಲ್ಲಿ ಪಕ್ಕಕ್ಕೆ ಯಾರಾದರೂ ಕೂತಿರಲಿ, ಅಕ್ಕನೋ ಗೆಳತಿಯೋ.

ದೊಡ್ಡವರನ್ನು ಪೀಠದಿಂದ ಇಳಿಸಿ ಮಗುವಾಗಿ ತೋರಿಸುವ ಕೆಲಸ ಕನ್ನಡದಲ್ಲಿ ಚೆನ್ನಾಗಿ ನಡೆದಿದೆ. ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ'ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಹೆಸರಿನಲ್ಲೇ ನೋಡಿ, ಪಾಪು ಮೊದಲು, ಬಾಪು ಆಮೇಲೆ.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ. ಮಕ್ಕಳಿಂದ ಗೋಡೆ ಪತ್ರಿಕೆ (ಕೈಯಲ್ಲಿ ಬರೆದು ಗೋಡೆಗೆ ಅಂಟಿಸುವ ಪತ್ರಿಕೆ) ಮಾಡಿಸುತ್ತೇನೆ. ಒಬ್ಬ ಹುಡುಗಿ ಉರಿಯದ ಬೀದಿದೀಪದ ಬಗ್ಗೆ ಕಥೆ ಬರೆದಳು. ಅದರಲ್ಲಿ ಮೆಂಬರ್ ಮನೆಯ ಮುಂದಿನ ದೀಪ ಮಾತ್ರ ಉರಿಯುತ್ತದೆ. ನಮ್ಮ ಸದಸ್ಯರೊಬ್ಬರು ಬಂದು 'ಇದನ್ನು ಬರೆಸಿದವರು ಯಾರು' ಎಂದು ಗದರಿದರು. ಇಂಥ ಕಥೆಗಳನ್ನು ಸೇರಿಸಿ ಪುಸ್ತಕ ಮಾಡುವ ಆಸೆ ಇತ್ತು. ಈಗ ಹೆದರಿಕೆಯಾಗಿದೆ.
– ಮೇಲ್ವಿಚಾರಕ, ಶಿವಮೊಗ್ಗ ಜಿಲ್ಲೆ

ಉತ್ತರ: ಹೆದರಿಕೆ ಸಹಜ. ನಿಮ್ಮ ಕೆಲಸ ಇರುವುದು ಅದೇ ಪಂಚಾಯಿತಿಯಲ್ಲಿ, ಆ ಹುಡುಗಿಯ ಮನೆ ಇರುವುದು ಅದೇ ಬೀದಿಯಲ್ಲಿ. ಧೈರ್ಯವಾಗಿರಿ ಎಂದು ದೂರದಲ್ಲಿ ಕೂತು ಬರೆಯುವುದು ನನಗೆ ಸುಲಭ, ಹಾಗಾಗಿ ಅದನ್ನು ಬರೆಯುವುದಿಲ್ಲ.

ಮೊದಲು ಮಗು. ಬರೆದದ್ದು ತಪ್ಪು ಎಂದು ಅವಳಿಗೆ ಅನ್ನಿಸದಿರಲಿ, ಹಾಗೆಯೇ ಅವಳ ಹೆಸರು ಹಿಡಿದು ಯಾರೂ ಮಾತಾಡದಿರಲಿ. ಗೋಡೆಗೆ ಹಾಕುವ ಮುಂಚೆ 'ಇದನ್ನು ಎಲ್ಲರೂ ಓದುತ್ತಾರೆ, ಹಾಕಲೇ?' ಎಂದು ಮಗುವನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಬೇಡ ಅಂದರೆ ಬೇಡ.

ಆಮೇಲೆ ಒಂದು ವ್ಯತ್ಯಾಸವನ್ನು ಮಕ್ಕಳಿಗೂ ತಿಳಿಸಿ, ನೀವೂ ಇಟ್ಟುಕೊಳ್ಳಿ. ಕಥೆ ಬೇರೆ, ದೂರು ಬೇರೆ. ನಿಜವಾದ ಕಂಬದ ಬಗ್ಗೆ ದೂರಿದ್ದರೆ ಅದನ್ನು ಹೇಳಲು ಜಾಗವಿದೆ: ಮಕ್ಕಳ ಗ್ರಾಮಸಭೆ. ಅದನ್ನು ನಡೆಸಬೇಕೆಂದು ಆದೇಶಿಸಿರುವುದು ಸರ್ಕಾರವೇ. ಅಲ್ಲಿ ಮಗು ಎದ್ದು ನಿಂತು 'ನಮ್ಮ ಬೀದಿಯ ದೀಪ ಉರಿಯುತ್ತಿಲ್ಲ' ಅಂದರೆ ಅದನ್ನು ಬರೆದುಕೊಳ್ಳಬೇಕಾದವರು ಪಂಚಾಯಿತಿಯವರು. ತಮಗೆ ಸಂಬಂಧಿಸಿದ ವಿಷಯದಲ್ಲಿ ಮಕ್ಕಳ ಮಾತನ್ನು ಕೇಳಿ ಅದಕ್ಕೆ ಬೆಲೆ ಕೊಡಬೇಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಭಾರತ ಅದನ್ನು ಒಪ್ಪಿಕೊಂಡದ್ದು 1992ರಲ್ಲಿ. ಇದು ಬರಿಯ ಕಾಗದದ ಮಾತೂ ಅಲ್ಲ. ನಿಮ್ಮ ಘಟ್ಟದ ಕೆಳಗೆ, ಕುಂದಾಪುರ ತಾಲೂಕಿನಲ್ಲಿ, ದುಡಿಯುವ ಮಕ್ಕಳ ಭೀಮ ಸಂಘದ ಹಿನ್ನೆಲೆಯಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿಗಳು ನಡೆದಿವೆ. ಮಕ್ಕಳು ಓಟು ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸಿಕೊಂಡು ದೊಡ್ಡವರ ಮುಂದೆ ಕೂತು ಮಾತಾಡಿದ್ದಾರೆ. ಇನ್ನು ನಿಮ್ಮಂಥ ಗ್ರಂಥಾಲಯಗಳಿಗೆ ಮಕ್ಕಳನ್ನು ಕರೆತರಲು 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿದ್ದೂ ಸರ್ಕಾರದಿಂದಲೇ. ಗದರಿದವರ ಬಳಿ ಇದನ್ನೆಲ್ಲ ಜೋರಾಗಿ ಹೇಳಬೇಕಿಲ್ಲ. ನಿಮಗೆ ಗೊತ್ತಿದ್ದರೆ ನಿಮ್ಮ ದನಿ ತಾನಾಗಿ ಸಮಾಧಾನದಿಂದ ಇರುತ್ತದೆ.

ಕಥೆಗೆ ಬರೋಣ. ಪುಸ್ತಕ ಮಾಡುವಾಗ ಊರಿನ ಹೆಸರು, ಬೀದಿ, ಗುರುತು ಸಿಗುವ ಮನೆ, ಎಲ್ಲವನ್ನೂ ಬದಲಿಸಿ. ಇದನ್ನು ಹೇಡಿತನ ಅಂದುಕೊಳ್ಳಬೇಡಿ, ಕಥೆ ಬೆಳೆಯುವುದೂ ಹಾಗೆಯೇ. ಮಕ್ಕಳನ್ನು ಕೂರಿಸಿ ಮೆಂಬರ್ ಮನೆಯ ಹುಡುಗನ ಕಡೆಯಿಂದಲೂ ಒಂದು ಪುಟ ಬರೆಸಿ ನೋಡಿ. ತನ್ನ ಮನೆ ಮುಂದೆ ಮಾತ್ರ ಬೆಳಕಿದ್ದರೆ ಅವನಿಗೆ ಏನನ್ನಿಸುತ್ತದೆ? ಗೆಳೆಯರೆಲ್ಲ ರಾತ್ರಿ ಆಡಲು ಅಲ್ಲಿಗೇ ಬರುತ್ತಾರೋ, ಅಥವಾ ಯಾರೂ ಬರುವುದಿಲ್ಲವೋ? ಈ ಪುಟ ಬಂದ ಮೇಲೆ ಕಥೆಯಲ್ಲಿ ಬೈಗುಳ ಕಡಿಮೆಯಾಗಿ, ಕೆಣಕು ಹೆಚ್ಚಾಗುತ್ತದೆ. ಬೀದಿದೀಪದ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ, ಬಲ್ಬ್ ಹಾಕಲು ಕಂಬ ಹತ್ತುವವರು ಯಾರು ಎಂಬುದನ್ನೂ ಮಕ್ಕಳೇ ಹೋಗಿ ಕೇಳಿ ಬರಲಿ. ಗದರಿದ ಆ ಸದಸ್ಯರನ್ನೇ ಕೇಳಿದರೆ ಇನ್ನೂ ಒಳ್ಳೆಯದು. ತಮಗೆ ಗೊತ್ತಿರುವುದನ್ನು ಮಕ್ಕಳು ಕೇಳಿದರೆ ಒಲ್ಲೆ ಎನ್ನುವ ದೊಡ್ಡವರು ಕಡಿಮೆ.

ಪ್ರಶ್ನೆ: ಚಿತ್ರಪುಸ್ತಕ ಎಷ್ಟು ಪುಟವಿರಬೇಕು, ಎಷ್ಟು ಪದವಿರಬೇಕು? ನಮ್ಮ ಕಡೆಯ ಮಾತಿನಲ್ಲೇ ಬರೆದರೆ ಬೇರೆ ಜಿಲ್ಲೆಯ ಮಕ್ಕಳಿಗೆ ಗೊತ್ತಾಗುತ್ತದೆಯೇ? ತಪ್ಪಾದರೆ ಪ್ರಕಾಶಕರು ನಗುತ್ತಾರೇನೋ ಅನ್ನಿಸುತ್ತದೆ.
– ಗೃಹಿಣಿ, ಕಲಬುರಗಿ

ಉತ್ತರ: ನಗುವುದಿಲ್ಲ. ಈ ಪ್ರಶ್ನೆ ಕೇಳದೆ ನೂರು ಪುಟ ಬರೆದು ಕಳಿಸುವವರೇ ಹೆಚ್ಚು.

ದೊಡ್ಡ ಹಾಳೆಯಲ್ಲಿ ಅಚ್ಚು ಮಾಡಿ ಮಡಚಿ ಕತ್ತರಿಸುವುದರಿಂದ ಪುಟಗಳು ಎಂಟರ ಲೆಕ್ಕದಲ್ಲಿ ಬರುತ್ತವೆ. ಹಾಗಾಗಿ 16, 24 ಅಥವಾ 32 ಪುಟ. ಪದಗಳಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು ಇಟ್ಟುಕೊಂಡಿರುವ ಅಳತೆ ಒಳ್ಳೆಯದು: ಓದಲು ಆಗತಾನೇ ಶುರುಮಾಡಿದವರಿಗೆ 250 ಪದದೊಳಗೆ, ಎರಡನೇ ಹಂತಕ್ಕೆ 600ರವರೆಗೆ, ಮೂರನೆಯದಕ್ಕೆ 1500ರವರೆಗೆ. ಅವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳು ಪುಕ್ಕಟೆಯಾಗಿ ಓದಲು ಸಿಗುತ್ತವೆ. ಹತ್ತು ಪುಸ್ತಕವನ್ನು ಎಣಿಸಿ ನೋಡಿ.

ಚಿಕ್ಕವರಿಗೆ ಬರೆಯುವಾಗ ಒತ್ತಕ್ಷರಗಳ ಮೇಲೆ ಕಣ್ಣಿರಲಿ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ಅಕ್ಷರ ಕಲಿಕೆ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ ಎಂದು ಶುರುವಾಗುತ್ತದೆ, ಬರೆಯಲು ಸುಲಭವಾದವು ಮೊದಲು. ಅಂಥ ಮಗುವಿನ ಮುಂದೆ ಮೊದಲ ಪುಟದಲ್ಲೇ 'ರಾಷ್ಟ್ರೀಯ' ಇಟ್ಟರೆ ಅದು ಪುಸ್ತಕ ಮುಚ್ಚುತ್ತದೆ. ಸಮಾಜದ ಬಗ್ಗೆ ಬರೆಯುವವರಿಗೆ ಇದೊಂದು ಒಳ್ಳೆಯ ಕಡಿವಾಣ: 'ಸ್ವಾತಂತ್ರ್ಯ', 'ಕರ್ತವ್ಯ', 'ಪ್ರಜಾಪ್ರಭುತ್ವ' ಮೊದಲಾದ ಪದಗಳೆಲ್ಲ ಒತ್ತಕ್ಷರದವೇ! 'ಪಾಲು', 'ಸರದಿ', 'ಜಾಗ', 'ಮಾತು' ಹಗುರ.

ಮಾತಿನ ಬಗ್ಗೆ: ಪಾತ್ರಗಳು ನಿಮ್ಮ ಕಡೆಯ ಮಾತಾಡಲಿ, ಕಥೆ ಹೇಳುವ ದನಿ ಸರಳವಾಗಿರಲಿ. ಚಿತ್ರ ಪಕ್ಕದಲ್ಲೇ ಇರುವಾಗ ಮೈಸೂರಿನ ಮಗುವಿಗೂ ನಿಮ್ಮ 'ಓಣಿ', 'ತಾಸು' ತಿಳಿಯುತ್ತವೆ. ನಿಮ್ಮೂರಿನ ಮಗುವಿಗಂತೂ ತನ್ನ ಮಾತು ಅಚ್ಚಿನಲ್ಲಿ ಕಂಡ ಖುಷಿಯೇ ಬೇರೆ.

ಪ್ರಶ್ನೆ: ನಾನು ಸಾರಿಗೆ ಸಂಸ್ಥೆಯ ನಿವೃತ್ತ ಕಂಡಕ್ಟರ್. ಓದಿದ್ದು ಎಸ್ಸೆಸ್ಸೆಲ್ಸಿ. ಮೊಮ್ಮಕ್ಕಳಿಗೆ ಬಸ್ಸಿನ ಕಥೆ ಹೇಳುತ್ತಿರುತ್ತೇನೆ. 'ಮಗುವಿಗೆ ಎಷ್ಟು ವಯಸ್ಸು?' ಎಂದು ಕೇಳಿದಾಗ ತಾಯಿ 'ಐದು' ಅನ್ನುತ್ತಿದ್ದಳು, ಮಗು 'ಇಲ್ಲಮ್ಮಾ, ಏಳು' ಅನ್ನುತ್ತಿತ್ತು. ಮೊಮ್ಮಕ್ಕಳು ಇದನ್ನು ಕೇಳಿ ಬಿದ್ದು ಬಿದ್ದು ನಗುತ್ತಾರೆ. ಇದನ್ನೆಲ್ಲ ಪುಸ್ತಕ ಮಾಡು ಅನ್ನುತ್ತಾನೆ ಮಗ. ಸಾಹಿತ್ಯ ಗೊತ್ತಿಲ್ಲದವನು ಬರೆದರೆ ನಡೆಯುತ್ತದೆಯೇ?
– ನಿವೃತ್ತ ಕಂಡಕ್ಟರ್, ಹಾಸನ

ಉತ್ತರ: ನಡೆಯುತ್ತದೆ. ನಿಮ್ಮ ಕಾಗದವನ್ನು ಕೊನೆಗೆಂದೇ ಇಟ್ಟುಕೊಂಡಿದ್ದೆ. ಉಳಿದ ನಾಲ್ವರೂ ಹುಡುಕುತ್ತಿರುವುದು ನಿಮ್ಮ ಹೆಗಲ ಚೀಲದಲ್ಲಿ ಇದೆ.

ಬಸ್ಸಿನಲ್ಲಿ ಯಾರು ಸೀಟು ಬಿಟ್ಟುಕೊಟ್ಟರು, ಯಾರು ಕಿಟಕಿಯಿಂದ ಟವೆಲ್ ಎಸೆದು ಜಾಗ ಹಿಡಿದರು, ಪಾಸು ಮರೆತ ಹುಡುಗಿಯನ್ನು ಇಳಿಸಬೇಕೋ ಬೇಡವೋ, ಟಿಕೆಟಿನ ಹಿಂದೆ ಬರೆದುಕೊಟ್ಟ ಚಿಲ್ಲರೆಯನ್ನು ಕೇಳದೆ ಇಳಿದುಹೋದ ಮುದುಕಿ ಮುಂದಿನ ವಾರ ಸಿಕ್ಕಳೇ, ಇವೆಲ್ಲ ಮಕ್ಕಳ ಎತ್ತರದಲ್ಲಿ ಕಾಣುವ ಸಮಾಜ. ರಾತ್ರಿ ಹಾಲ್ಟಿಂಗ್ ಬಸ್ಸು ನಿಲ್ಲುವ ಹಳ್ಳಿಯಲ್ಲಿ ನೀವು ಎಲ್ಲಿ ಮಲಗುತ್ತಿದ್ದಿರಿ, ಊಟ ಯಾರು ಕೊಡುತ್ತಿದ್ದರು, ವೇಬಿಲ್ (ಟಿಕೆಟು, ಹಣದ ಲೆಕ್ಕ ಬರೆಯುವ ಹಾಳೆ) ತಾಳೆಯಾಗದಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಬರೆಯಿರಿ. ಒಂದು ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ತಿಳಿಯುವ ಹಸಿವು ಮಕ್ಕಳಿಗೆ ಬಹಳ. ಶಿವರಾಮ ಕಾರಂತರು 1930ರ ದಶಕದಲ್ಲಿ 'ಬಾಲಪ್ರಪಂಚ'ವನ್ನು ಮೂರು ಸಂಪುಟಗಳಲ್ಲಿ ಬರೆದದ್ದು ಆ ಹಸಿವನ್ನು ಕಂಡೇ.

ಐದೋ ಏಳೋ ಎಂಬ ಕಥೆಯಲ್ಲಿ ಮಾತ್ರ ಸ್ವಲ್ಪ ನಿಧಾನ ಮಾಡಿ. ನಗಿಸಿ ಮುಂದೆ ಹೋಗುವುದಕ್ಕೆ ಅದು ತೀರಾ ಒಳ್ಳೆಯ ಕಥೆ. ಮಗು ನಿಜ ಹೇಳಿತು, ಸರಿ. ತಾಯಿಯ ಸೆರಗಿನ ಗಂಟಿನಲ್ಲಿ ಅರ್ಧ ಟಿಕೆಟಿಗೆ ದುಡ್ಡಿತ್ತೇ? ಮಗುವಿಗೆ ಏಳು ತುಂಬಿದ್ದು ಹೆಮ್ಮೆ, ತಾಯಿಗೆ ಅದೇ ಖರ್ಚು. ನಡುವೆ ನಿಂತ ನಿಮಗೆ ಚೆಕಿಂಗ್‌ನವರ ಭಯ. ಮೂವರಲ್ಲಿ ಯಾರೂ ಕೆಟ್ಟವರಲ್ಲ, ಆದರೂ ಇಕ್ಕಟ್ಟು. ಯಾರು ಸರಿ ಎಂದು ನೀವು ತೀರ್ಪು ಕೊಡಲು ಹೋಗಬೇಡಿ. ಸೀಟಿನ ಕಂಬಿ ಹಿಡಿದು ನಿಮ್ಮ ಮುಖವನ್ನೇ ನೋಡುತ್ತಿದ್ದ ಆ ಮಗುವಿನ ಕಣ್ಣಿನಿಂದ ಶುರುಮಾಡಿ.

ಮೊಮ್ಮಕ್ಕಳಿಗೆ ಹೇಳುವ ಹಾಗೆಯೇ ಬರೆದು ಮೊದಲ ಎರಡು ಪುಟ ಕಳಿಸಿ. ಆ ದಿನ ನೀವು ಅರ್ಧ ಟಿಕೆಟ್ ಹರಿದಿರೋ ಇಲ್ಲವೋ ಎಂಬುದನ್ನು ಬರೆಯಲು ಮರೆಯಬೇಡಿ, ಕಾಗದದಲ್ಲಿ ಅದನ್ನು ಬಿಟ್ಟಿದ್ದೀರಿ.